ಅವ್ವನ ಪಂಪಿಂಗ್ 65 ಇದೆ, ಆದರೂ ಏದುಸಿರು ಯಾಕೆ?

ಪ್ರಶ್ನೆ (ಮಂಡ್ಯ):
ನಮಸ್ಕಾರ ಮೇಡಂ. ನಮ್ಮವ್ವನಿಗೆ 67 ವರ್ಷ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ, ಹೃದಯದಿಂದ ಮೈಗೆ ರಕ್ತ ಬಿಡುವ ಅಯೋರ್ಟಿಕ್ ವಾಲ್ವ್ ಕಿರಿದಾಗಿದೆ ಅಂತ ಬಂತು. ವಾಲ್ವ್ ಏರಿಯಾ 0.8 ಚದರ ಸೆಂ.ಮೀ., ಮೀನ್ ಗ್ರೇಡಿಯೆಂಟ್ (ವಾಲ್ವ್‌ನ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ) 31, ಪಂಪಿಂಗ್ 65. ನಮ್ಮ ಸೋದರಮಾವನಿಗೂ ಇದೇ ಕಾಯಿಲೆ ಇತ್ತು. ಅವರಿಗೆ ಗ್ರೇಡಿಯೆಂಟ್ 48, ಪಂಪಿಂಗ್ 45. ಎದೆನೋವು ಬಂತು, ಬೇಗ ವಾಲ್ವ್ ಬದಲಾಯಿಸಿದರು. ಅವ್ವನ ರಿಪೋರ್ಟ್ ನೋಡಿ ಮನೆಯಲ್ಲಿ ಎಲ್ಲರೂ ‘ಹಾರ್ಟ್ ಚೆನ್ನಾಗಿದೆ, ವಯಸ್ಸಾಯ್ತಲ್ಲ’ ಅಂತಾರೆ. ಆದರೆ ಹಿತ್ತಲಿಂದ ಒಂದು ಹೊರೆ ಹುಲ್ಲು ತರುವಷ್ಟರಲ್ಲಿ ಏದುಸಿರು ಬಂದು ಜಗಲಿ ಮೇಲೆ ಕೂತುಬಿಡುತ್ತಾಳೆ. ಇನ್ನೂ ಕಾಯಬಹುದಾ?

ಉತ್ತರ (ಹೃದ್ರೋಗ ವೈದ್ಯೆ, ಮೈಸೂರು):
ಪಂಪಿಂಗ್ 65 ಅಂದರೆ ಒಂದು ಬಡಿತಕ್ಕೆ ಹೃದಯದ ಕೋಣೆಯ ರಕ್ತದಲ್ಲಿ ಶೇ. 65 ಹೊರಹೋಗುತ್ತದೆ ಅಂತ. ಆ ಒಂದೇ ಅಂಕಿ ನೋಡಿ ಸುಮ್ಮನಾಗಬೇಡಿ. ಹೆಂಗಸರ ವಿಷಯದಲ್ಲಿ ಹೀಗೇ ತಡವಾಗುತ್ತದೆ. ನನಗೆ ತುಂಬಾ ನೋವು ಕೊಡುವ ತಡ ಇದು.

ವಾಲ್ವ್ ಕಿರಿದಾದಾಗ ಹೃದಯ ಜೋರಾಗಿ ಒತ್ತಬೇಕು. ಗಂಡಸರಲ್ಲಿ ಹೃದಯದ ಕೋಣೆ ದಪ್ಪವಾಗುವುದರ ಜೊತೆಗೆ ದೊಡ್ಡದಾಗುವುದೂ ಜಾಸ್ತಿ. ಆಮೇಲೆ ಪಂಪಿಂಗ್ ಇಳಿಯುತ್ತದೆ, ಎಕೋದಲ್ಲಿ ಕಣ್ಣಿಗೆ ಬೀಳುತ್ತದೆ. ನಿಮ್ಮ ಮಾವನಿಗೆ ಆದದ್ದು ಬಹುಶಃ ಅದೇ. ಹೆಂಗಸರಲ್ಲಿ ಸಾಮಾನ್ಯವಾಗಿ ಗೋಡೆ ದಪ್ಪವಾಗುತ್ತದೆ, ಕೋಣೆ ಚಿಕ್ಕದಾಗಿಯೇ ಉಳಿಯುತ್ತದೆ. ಎಲ್ಲರಿಗೂ ಹೀಗೇ ಅಂತಲ್ಲ, ಆದರೆ ಹೆಚ್ಚಿನವರಲ್ಲಿ ಹೀಗೆ.

ಬಿಂದಿಗೆ ಮತ್ತು ಚೊಂಬು ನೆನಪಿಸಿಕೊಳ್ಳಿ. ಚೊಂಬಿನ ಮುಕ್ಕಾಲು ಭಾಗ ಸುರಿದರೂ ಅರ್ಧ ಬಿಂದಿಗೆಯಷ್ಟು ನೀರು ಬರುವುದಿಲ್ಲ, ಅಲ್ವಾ? ಚಿಕ್ಕ ಕೋಣೆಯಲ್ಲಿ 70 ಮಿ.ಲೀ. ರಕ್ತ ತುಂಬಿದರೆ ಅದರ ಶೇ. 65 ಅಂದರೆ ಸುಮಾರು 45 ಮಿ.ಲೀ. ಮಾತ್ರ. ಪಂಪಿಂಗ್ ಚೆನ್ನಾಗಿದೆ, ಆದರೆ ಮೈಗೆ ಹೋಗುವ ರಕ್ತ ಕಡಿಮೆ. ಹರಿವು ಕಡಿಮೆ ಇದ್ದರೆ ಗ್ರೇಡಿಯೆಂಟ್ ಕೂಡ ಕಡಿಮೆಯೇ ತೋರಿಸುತ್ತದೆ. ಮೇಲಾಗಿ ದಪ್ಪ ಗೋಡೆ ಬಿಗಿಯಾಗಿರುತ್ತದೆ, ಸರಿಯಾಗಿ ಸಡಿಲವಾಗುವುದಿಲ್ಲ. ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ಏರುತ್ತದೆ. ಏದುಸಿರು ಬರುವುದು ಅಲ್ಲಿಂದ.

ಏರಿಯಾ 1 ಚದರ ಸೆಂ.ಮೀ.ಗಿಂತ ಕಡಿಮೆ, ಅಂದರೆ ಕಾಯಿಲೆ ತೀವ್ರ. ಗ್ರೇಡಿಯೆಂಟ್ 40 ದಾಟಿಲ್ಲ, ಅಂದರೆ ತೀವ್ರ ಅಲ್ಲ. ಎರಡೂ ತಾಳೆಯಾಗುತ್ತಿಲ್ಲ. ತಾಯಿ ಕುಳ್ಳಗೆ ತೆಳ್ಳಗೆ ಇದ್ದರೆ 0.8 ಅಷ್ಟು ಕೆಟ್ಟದ್ದಲ್ಲದೆಯೂ ಇರಬಹುದು. ಹಾಗಾಗಿ ಬಿಪಿ ಹತೋಟಿಯಲ್ಲಿರುವಾಗ ಇನ್ನೊಮ್ಮೆ ಎಕೋ ಮಾಡಿಸಿ, ಒಂದು ಬಡಿತಕ್ಕೆ ಎಷ್ಟು ರಕ್ತ ಹೋಗುತ್ತಿದೆ ಅಂತ ಅಳೆಯಲು ಹೇಳಿ. ಆಮೇಲೂ ಅನುಮಾನ ಉಳಿದರೆ ವಾಲ್ವ್‌ನ ಕ್ಯಾಲ್ಸಿಯಂ ನೋಡುವ ಸಿಟಿ ಸ್ಕ್ಯಾನ್ ಇದೆ. ಅದಕ್ಕೆ ಡೈ ಇಂಜೆಕ್ಷನ್ ಬೇಡ. ಆ ಸ್ಕ್ಯಾನ್‌ನ ಕ್ಯಾಲ್ಸಿಯಂ ಸ್ಕೋರ್ ಗಂಡಸರಿಗೆ 2000 ದಾಟಿದರೆ ತೀವ್ರ ಕಾಯಿಲೆ ಇರಬಹುದು ಅನ್ನುತ್ತೇವೆ, ಹೆಂಗಸರಿಗೆ 1200 ಸಾಕು. ಹೆಂಗಸರ ವಾಲ್ವ್‌ನಲ್ಲಿ ಸುಣ್ಣ ಕಡಿಮೆ ಕಟ್ಟುತ್ತದೆ, ನಾರಿನಂಥ ಗಾಯದ ಅಂಶ ಜಾಸ್ತಿ ಬೆಳೆಯುತ್ತದೆ. ಗಂಡಸರ ಅಳತೆಗೋಲು ಹಿಡಿದರೆ ಹೆಂಗಸರು ಲೆಕ್ಕಕ್ಕೇ ಸಿಗುವುದಿಲ್ಲ.

ಏದುಸಿರಿಗೆ ಅಂತ ಅಂಗಡಿಯಿಂದ ನೀರು ಇಳಿಸುವ ಮಾತ್ರೆ ತಂದು ಕೊಡಬೇಡಿ. ಕೋಣೆ ಚಿಕ್ಕದು, ನೀರು ಜಾಸ್ತಿ ಇಳಿದರೆ ಬಿಪಿ ಬಿದ್ದುಹೋಗುತ್ತದೆ.

ಇನ್ನೊಬ್ಬರು (ಮೈಸೂರು):
ಮೇಡಂ, ನನ್ನ ಹೆಂಡತಿಗೆ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ಜೋರಾಗಿ ಲೀಕ್ ಆಗುತ್ತಿದೆ. ಹೃದಯ ಕುಗ್ಗಿದಾಗ ಎಡಗಡೆಯ ಕೆಳಕೋಣೆಯ ಅಗಲ 38 ಮಿ.ಮೀ. 40 ಆದಮೇಲೆ ಆಪರೇಷನ್ ನೋಡೋಣ ಅಂತ ಡಾಕ್ಟರು ಅಂದಿದ್ದಾರೆ. ಅವಳು ಐದಡಿ ಕೂಡ ಇಲ್ಲ.

ಉತ್ತರ:
40 ಅನ್ನುವುದು ಸಾಮಾನ್ಯ ಮೈಕಟ್ಟಿನವರ ಲೆಕ್ಕ. ಎತ್ತರ, ತೂಕದಿಂದ ಮೈಯ ಹೊರಮೈ ವಿಸ್ತೀರ್ಣ (ಚದರ ಮೀಟರ್‌ನಲ್ಲಿ) ಲೆಕ್ಕ ಹಾಕಿ, 38ನ್ನು ಅದರಿಂದ ಭಾಗಿಸಿ ನೋಡಿ ಅಂತ ನಿಮ್ಮ ಡಾಕ್ಟರಿಗೆ ಕೇಳಿ. ಹಾಗೆ ಭಾಗಿಸಿದಾಗ 20ರ ಗಡಿ ಮುಖ್ಯ. ಅವರ ಮೈಗೆ 38 ಆಗಲೇ ಜಾಸ್ತಿ ಇರಬಹುದು.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ರಾತ್ರಿ ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಹೋದ ವರ್ಷ ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟ ಹತ್ತದೆ ಕೆಳಗೇ ಉಳಿದಿದ್ದಳು. ಮಂಡಿನೋವು ಅಂದಿದ್ದಳು. ಈಗ ಹೇಳಿದಳು, ಮಂಡಿ ಅಲ್ಲ, ಉಸಿರು ಅಂತ.

ಉತ್ತರ:
ಡಾಕ್ಟರ ಹತ್ತಿರ ಹೋದಾಗ ರಿಪೋರ್ಟ್ ತೆಗೆಯುವ ಮೊದಲು ಈ ಮಾತು ಹೇಳಿ. ಏನೇನು ಕೆಲಸ ಬಿಟ್ಟಿದ್ದಾರೆ ಅಂತ ಅವರಿಂದಲೇ ಹೇಳಿಸಿ. ಈ ವಾರವೇ ಕರೆದುಕೊಂಡು ಹೋಗಿ. ನಡುವೆ ತಲೆ ತಿರುಗಿ ಬಿದ್ದರೆ ಅಥವಾ ಎದೆ ಹಿಡಿದುಕೊಂಡರೆ ವಾರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.