ಜಾಂಬಿಯಾ ಹಳ್ಳಿ ಹುಡ್ಗೀರಿಗೆ ಸೈಕಲ್ ಕೊಟ್ರೆ ಸಾಕಾ?

ರಾಘು ತೀರ್ಥಹಳ್ಳಿ:
ವರ್ಲ್ಡ್ ಬೈಸಿಕಲ್ ರಿಲೀಫ್ ಅನ್ನೋ ಸಂಸ್ಥೆ 2009ರಿಂದ ಆಫ್ರಿಕಾದ ಜಾಂಬಿಯಾ ಹಳ್ಳಿ ಸ್ಕೂಲ್ ಮಕ್ಕಳಿಗೆ ಸೈಕಲ್ ಕೊಡ್ತಿದೆಯಂತೆ, ಅದ್ರಲ್ಲೂ ಹೆಣ್ಮಕ್ಕಳಿಗೆ ಜಾಸ್ತಿ. ನಂಗೇನೋ ಇದು ಫೋಟೋ ಹೊಡ್ಸ್ಕೊಳ್ಳೋ ಸ್ಕೀಮ್ ಅನ್ಸುತ್ತೆ. ದೂರ ಆದ್ರೆ ಹತ್ರದಲ್ಲೊಂದು ಸ್ಕೂಲ್ ಕಟ್ಲಿ. ನನ್ನ ತಂಗಿಗೂ ಒಂದು ಸೈಕಲ್ ಸಿಕ್ಕಿತ್ತು, ಆರು ತಿಂಗಳಿಗೆ ಪೆಡಲ್ ಕಿತ್ತು ಬಂದು ಕೊಟ್ಟಿಗೆ ಸೇರ್ತು, ಆಮೇಲೆ ಅದ್ರ ಮೇಲೆ ಕೋಳಿ ಮಲಗ್ತಿದ್ವು.

ಸವಿತಾ ಎಸ್:
ಕೋಳಿ ವಿಷಯ ಬಿಡಿ ರಾಘು 😀 ಜಾಂಬಿಯಾದಲ್ಲಿ ಇದನ್ನ ಸರಿಯಾಗಿ ಅಳತೆ ಮಾಡಿ ನೋಡಿದಾರೆ. ಸ್ಕೂಲಿಂದ 3 ಕಿಲೋಮೀಟರಿಗಿಂತ ದೂರ ಇರೋ ಹುಡ್ಗೀರಲ್ಲಿ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಒಂದು ವರ್ಷ ಆದ್ಮೇಲೆ ಹೋಲಿಸಿದ್ರು. ದಾರಿಗೆ ಹಿಡಿಯೋ ಟೈಮ್ ಮೂರನೇ ಒಂದು ಭಾಗ ಇಳಿದಿತ್ತು, ಆಬ್ಸೆಂಟ್ ಆಗೋದು ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ, ಲೇಟಾಗಿ ಬರೋದಂತೂ ಅರ್ಧಕ್ಕಿಂತ ಹೆಚ್ಚು ಇಳೀತು. ಗಣಿತದ ಮಾರ್ಕ್ಸೂ ಸ್ವಲ್ಪ ಏರಿತ್ತು.

ಬಸವರಾಜ ಧಾರವಾಡ:
ಎಲ್ಲಾ ಖರೆ ಅಕ್ಕಾರ, ಆದ್ರ ಸೈಕಲ್ ಯಾಕ್ರಿ, ರೊಕ್ಕಾನ ಕೊಡಬಾರದೇನ? ಬಿಹಾರದಾಗ 2006ರಾಗ ಸೈಕಲ್ ತಗೊಳ್ಳಾಕ ಅಂತ ಹುಡುಗ್ಯಾರ ಮನಿಗೆ 2000 ರೂಪಾಯಿ ಕೊಟ್ಟಿದ್ರು, ಹೈಸ್ಕೂಲಿಗೆ ಸೇರೋ ಹುಡುಗ್ಯಾರು ಸುಮಾರು ಮೂರನೇ ಒಂದು ಪಾಲು ಹೆಚ್ಚಾದ್ರು.

ಸವಿತಾ ಎಸ್:
ಬಿಹಾರದಲ್ಲಿ ಊರೂರಲ್ಲಿ ಸೈಕಲ್ ಅಂಗಡಿ ಇತ್ತು, ದುಡ್ಡು ಕೊಟ್ರೆ ಸಿಗುತ್ತೆ. ಅಂಗಡೀನೇ ಇಲ್ಲದ ಕಡೆ ದುಡ್ಡು ಇಟ್ಕೊಂಡು ಏನ್ ಮಾಡ್ತೀರಿ? ತಮಾಷೆ ಅಂದ್ರೆ ಎರಡೂ ಸ್ಟಡಿಯಲ್ಲಿ ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರೇ ಇದಾರೆ.

ಲುಸಾಕಾ ಕನ್ನಡಿಗ:
ನಾನು ಇಲ್ಲೇ ಜಾಂಬಿಯಾದಲ್ಲಿ ಕೆಲಸದಲ್ಲಿರೋದು, ಸದರ್ನ್ ಪ್ರಾವಿನ್ಸ್ ಕಡೆ ಓಡಾಡಿದೀನಿ. ಬಫೆಲೋ ಅಂತಾರೆ ಆ ಸೈಕಲ್ಲಿಗೆ, ಹೆಸರಿಗೆ ತಕ್ಕಂಗೆ ಎಮ್ಮೆ ತರಾನೇ ಇದೆ, ಭಾರದ ಉಕ್ಕಿನ ಫ್ರೇಮು, 100 ಕೆಜಿ ಹೊರೋ ಕ್ಯಾರಿಯರ್, ಮೆಕ್ಕೆಜೋಳದ ಮೂಟೆ ಹೇರ್ಕೊಂಡು ಗಿರಣಿಗೂ ಹೋಗ್ತಾರೆ. ಆದ್ರೆ ಅಸಲಿ ವಿಷಯ ಬೇರೆ. ಸ್ಕೂಲಲ್ಲಿ ಪೋಷಕರು, ಟೀಚರ್‌ಗಳು, ಊರಿನ ಹಿರಿಯರು ಸೇರಿದ ಕಮಿಟಿ ಇರುತ್ತೆ, ಯಾರಿಗೆ ಕೊಡ್ಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ, ಹುಡುಗಿ ಮನೆಯವರು ಮಗಳನ್ನ ಸ್ಕೂಲಿಗೆ ಕಳಿಸ್ತೀವಿ ಅಂತ ಒಪ್ಪಂದಕ್ಕೆ ಸೈನ್ ಹಾಕ್ಬೇಕು. ಜೊತೆಗೆ ಆ ಭಾಗದವರಿಗೇ ರಿಪೇರಿ ಕಲಿಸಿ ಟೂಲ್ ಕೊಡ್ತಾರೆ, ಹೊಲದ ಕೆಲಸ ಇಲ್ದಾಗ ಅದೇ ಅವರ ಸಂಪಾದನೆ. ರಾಘು, ನಿಮ್ಮ ತಂಗಿ ಸೈಕಲ್ಲಿಗೆ ಇಲ್ಲದೆ ಹೋಗಿದ್ದು ಇದೇ.

ರಾಘು ತೀರ್ಥಹಳ್ಳಿ:
ಹ್ಮ್, ನಮ್ಮಲ್ಲಿ ರಿಪೇರಿಗೆ ಪೇಟೆಗೇ ಹೊತ್ಕೊಂಡು ಹೋಗ್ಬೇಕಿತ್ತು, ಅದು ನಿಜ. ಆದ್ರೂ ಬಿಡಿಭಾಗದ ಖರ್ಚು ಬಡವರ ತಲೆ ಮೇಲೇನೇ ತಾನೆ?

ಸವಿತಾ ಎಸ್:
ಅದನ್ನೂ ನೋಡಿದಾರೆ. ಒಂದಿಷ್ಟು ಮನೆಯವರ ಕೈಯಿಂದಲೇ ಬಿಡಿಭಾಗಕ್ಕೆ ಅಂತ ಸ್ವಲ್ಪ ದುಡ್ಡು ಹಾಕ್ಸಿದ್ರು, ಉಳಿದವರಿಗೆ ಪೂರ್ತಿ ಫ್ರೀ. ಮುಂದೆ ಓದ್ಬೇಕು, ಮದುವೆ ಆಮೇಲೆ ನೋಡೋಣ ಅನ್ನೋ ಆಸೆ ಜಾಸ್ತಿ ಬಂದಿದ್ದು ದುಡ್ಡು ಹಾಕಿದ ಮನೆ ಹುಡ್ಗೀರಿಗೆ!

ಬಸವರಾಜ ಧಾರವಾಡ:
ಇದ ನೋಡ್ರಿ ನನಗ ಸೇರಂಗಿಲ್ಲ. ಈಗ ಇದನ್ನ ಹಿಡ್ಕೊಂಡು ಯಾವನರ ಒಬ್ಬ ಅಧಿಕಾರಿ ಬಡವರ ಕಡೆ ರೊಕ್ಕಾ ವಸೂಲಿ ಮಾಡ್ರಿ ಅಂತ ಸುತ್ತೋಲಿ ಹೊಂಡಸ್ತಾನ.

ಲುಸಾಕಾ ಕನ್ನಡಿಗ:
ನಿಮ್ಮ ಭಯ ಸುಳ್ಳಲ್ಲ ಬಸಣ್ಣ. ಇನ್ನೊಂದು, 2022ರಿಂದ ಇಲ್ಲಿ ಸೆಕೆಂಡರಿ ಸ್ಕೂಲಿಗೂ ಫೀಸ್ ಇಲ್ಲ, ಕ್ಲಾಸ್‌ರೂಮಲ್ಲಿ ಕೂರೋಕೆ ಜಾಗ ಸಾಲ್ತಿಲ್ಲ. ಹಾಗಾಗಿ ಸ್ಕೂಲ್ ಕಟ್ಟಿ ಅನ್ನೋ ರಾಘು ಮಾತಿಗೂ ತೂಕ ಇದೆ, ಆದ್ರೆ ಕಟ್ಟೋ ತನಕ ಹುಡುಗಿ ನಡ್ಕೊಂಡೇ ಹೋಗ್ಬೇಕಾ?

ರಾಘು ತೀರ್ಥಹಳ್ಳಿ:
ಸರಿ ಸರಿ, ಫೋಟೋ ಸ್ಕೀಮ್ ಅಂದಿದ್ದು ವಾಪಸ್ ತಗೋತೀನಿ. ಅದ್ಸರಿ, ಆ ಎಮ್ಮೆ ಸೈಕಲ್ಲಿಗೆ ಬ್ರೇಕ್ ಎಂಥದ್ದು?

ಲುಸಾಕಾ ಕನ್ನಡಿಗ:
ಪೆಡಲ್ ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ. ಕೇಬಲ್ಲೇ ಇಲ್ಲ, ಕಿತ್ತು ಹೋಗೋಕೆ.