ಕೊಲೊರಾಡೊ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಐನೂರು ಡಾಲರ್ ಒಳಗಿನ ಬೈನಾಕ್ಯುಲರ್: ಯಾವುದನ್ನು ಕೊಳ್ಳಲಿ?

ಡೆನ್ವರ್‌ನಿವಾಸಿ:
ಎಲ್ಲರಿಗೂ ನಮಸ್ಕಾರ. ಹಂಟರ್ ಎಜುಕೇಶನ್ ತರಬೇತಿ ಮುಗಿಸಿ, ಈ ಬಾರಿಯ ರೈಫಲ್ ಸೀಸನ್ನಿಗೆ ಸಾನ್ ವಾನ್ ಪರ್ವತಗಳಲ್ಲಿ ಗಂಡು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಪರವಾನಗಿ ಪಡೆದಿದ್ದೇನೆ. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿರುವ ಬೇಟೆಯನ್ನು ಇಲ್ಲಿ ರಾಜ್ಯ ಸರಕಾರವೇ ಪರವಾನಗಿಯ ಮೂಲಕ ನಡೆಸುತ್ತದೆ, ಆ ಚರ್ಚೆ ಇಲ್ಲಿ ಬೇಡವೆಂದು ಕೋರುತ್ತೇನೆ.) ನಾನು ಕನ್ನಡಕ ಧರಿಸುತ್ತೇನೆ. 8×42, 10×42, 12×50 ಈ ಮೂರರಲ್ಲಿ ಯಾವುದು ಸೂಕ್ತ? ಅಂಗಡಿಯವರು 12×50 ಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ.

ಕಣಿವೆಯಂಚು:
12×50 ಬೇಡ. ಮುಂದಿನ ಮಸೂರದ ವ್ಯಾಸವನ್ನು (ಎರಡನೇ ಅಂಕಿ, ಮಿಲಿಮೀಟರಿನಲ್ಲಿ) ವರ್ಧನೆಯಿಂದ (ಮೊದಲ ಅಂಕಿ) ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ: 12×50ಕ್ಕೆ ಸುಮಾರು 4.2 ಮಿಲಿಮೀಟರ್, 10×42ಕ್ಕೂ ಅಷ್ಟೇ. ಅಂದರೆ ಹೆಚ್ಚಿನ ತೂಕ ಹೊತ್ತರೂ ಮುಸ್ಸಂಜೆಯಲ್ಲಿ ಬಿಂಬವು ಹೆಚ್ಚು ಬೆಳಗುವುದಿಲ್ಲ. ಕೈನಡುಕ ಮಾತ್ರ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಬಿಸಿಲೇರಿದ ಮೇಲೆ ಎದುರಿನ ಇಳಿಜಾರಿನ ಗಾಳಿ ಕದಲತೊಡಗಿದಾಗ ಆ ಹೆಚ್ಚುವರಿ ವರ್ಧನೆಯಿಂದ ಕದಲಿಕೆಯೂ ಹಿಗ್ಗುತ್ತದೆ.

ಕೊಲೊರಾಡೊದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಬೇಟೆಗೆ ಅನುಮತಿ ಇದೆ, ಎಲ್ಕ್‌ಗಳು ಮೇಯಲು ಬಯಲಿಗೆ ಬರುವುದೂ ಹೆಚ್ಚಾಗಿ ಆ ಎರಡು ಅಂಚುಗಳಲ್ಲೇ. ಇದರ ಮೇಲೆ, ಹಲವು ವಲಯಗಳಲ್ಲಿ ಗಂಡು ಎಲ್ಕ್‌ನ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೇ ಹಣೆಯ ಬಳಿಯ ಬುಡದ ಕವಲು ಕನಿಷ್ಠ ಐದು ಇಂಚು ಉದ್ದವಿರಬೇಕು ಎಂಬ ನಿಯಮವಿದೆ. ಅರೆಬೆಳಕಿನಲ್ಲಿ, ದೂರದಿಂದ, ಕವಲುಗಳನ್ನು ಸಂಶಯವಿಲ್ಲದೆ ಎಣಿಸುವುದೇ ನಿಮ್ಮ ಬೈನಾಕ್ಯುಲರಿನ ನಿಜವಾದ ಪರೀಕ್ಷೆ. ಆದ್ದರಿಂದ ವರ್ಧನೆಗಿಂತ ಗಾಜಿಗೆ ಹಣ ಹಾಕಿ: ಇಡಿ (ED) ಗಾಜು, ಅಂದರೆ ಬಿಂಬದ ಅಂಚಿನಲ್ಲಿ ಬಣ್ಣ ಚೆಲ್ಲುವುದನ್ನು ತಗ್ಗಿಸುವ ಗಾಜು, ಎಲ್ಲ ಮಸೂರಗಳ ಮೇಲೂ ಬಹುಪದರದ ಲೇಪನ, ಪ್ರಿಸಂಗಳಿಗೆ ಬಿಂಬವನ್ನು ಚುರುಕಾಗಿಸುವ ಫೇಸ್ ಲೇಪನ, ಒಳಗೆ ಮಂಜು ಕಟ್ಟದಂತೆ ಸಾರಜನಕ ಅಥವಾ ಆರ್ಗಾನ್ ತುಂಬಿದ ಕವಚ. ನಿಕಾನ್ ಮೊನಾರ್ಕ್ ಎಂ7, ವೋರ್ಟೆಕ್ಸ್ ವೈಪರ್ ಎಚ್‌ಡಿ, ಝೈಸ್ ಟೆರಾ ಇಡಿ, ಈ ಮೂರೂ ನೀವು ಹೇಳುವ ಬೆಲೆಯ ಆಸುಪಾಸಿನವು.

ಆದರೂ ನನ್ನ ಕೈಯಲ್ಲಿ ಐನೂರು ಡಾಲರ್ ಇದ್ದರೆ ಅಷ್ಟನ್ನೂ ಬೈನಾಕ್ಯುಲರಿಗೇ ಸುರಿಯದೆ, ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿಯಂಥ ಅಗ್ಗದ 10×42 ಕೊಂಡು ಉಳಿದದ್ದರಲ್ಲಿ ಹಗುರವಾದ ಟ್ರೈಪಾಡ್ ಮತ್ತು ಬೈನಾಕ್ಯುಲರನ್ನು ಅದಕ್ಕೆ ಜೋಡಿಸುವ ಅಡಾಪ್ಟರ್ ತೆಗೆದುಕೊಳ್ಳುತ್ತೇನೆ. ಮುಕ್ಕಾಲಿಯ ಮೇಲೆ ಅಲುಗದೆ ನಿಂತ ಸಾಧಾರಣ ಗಾಜು, ಕೈಯಲ್ಲಿ ಹಿಡಿದ ದುಬಾರಿ ಗಾಜಿಗಿಂತ ಹೆಚ್ಚು ವಿವರ ತೋರಿಸುತ್ತದೆ.

ಸ್ಪ್ರೂಸ್‌ನೆರಳು:
ಟ್ರೈಪಾಡ್ ವಿಷಯದಲ್ಲಿ ಒಪ್ಪುತ್ತೇನೆ, 10×42 ವಿಷಯದಲ್ಲಿ ಅಷ್ಟಾಗಿ ಇಲ್ಲ. ರೈಫಲ್ ಸೀಸನ್ ಆರಂಭವಾಗಿ ಜನಸಂಚಾರ ಹೆಚ್ಚುತ್ತಿದ್ದಂತೆ ಎಲ್ಕ್‌ಗಳು ಬಯಲನ್ನು ಬಿಟ್ಟು ದಟ್ಟ ಸ್ಪ್ರೂಸ್ ಮತ್ತು ಫರ್ ಮರಗಳ ನಡುವೆ ಸೇರಿಕೊಳ್ಳುತ್ತವೆ. ಅಲ್ಲಿ ಒಂದು ಕಿವಿಯನ್ನೋ ಕಾಲಿನ ತುಂಡನ್ನೋ ಗುರುತಿಸಬೇಕಾದಾಗ 8×42ರ ಅಗಲವಾದ ನೋಟ ಹೆಚ್ಚು ಉಪಯುಕ್ತ, ಅದರ ಕಿಂಡಿಯೂ 5.25 ಮಿಲಿಮೀಟರ್. ವಯಸ್ಸಾದಂತೆ ಕಣ್ಣಿನ ಪಾಪೆ ಅಷ್ಟು ಹಿಗ್ಗುವುದಿಲ್ಲವಾದ್ದರಿಂದ ಹಿರಿಯರಿಗೆ ಈ ಲಾಭ ಪೂರ್ತಿ ದಕ್ಕದಿರಬಹುದು. ಮರಗಳ ಎಲ್ಲೆಯ ಮೇಲೆ ಕುಳಿತು ಇಡೀ ಕಣಿವೆ ಜಾಲಾಡುವವರು ನೀವಾದರೆ 10, ಕಾಡಿನೊಳಗೆ ನಡೆಯುವವರಾದರೆ 8.

ಕನ್ನಡಕದವ:
ಕನ್ನಡಕಧಾರಿಗಳು ಮೊದಲು ಐ ರಿಲೀಫ್ ನೋಡಬೇಕು, ಅಂದರೆ ಮಸೂರದಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬ ಅಂತರ. ಅದು 16 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ನೋಟದ ಅಂಚುಗಳು ಕತ್ತರಿಸಿದಂತಾಗುತ್ತವೆ. ಕಣ್ಣಿಗೆ ತಾಗುವ ಬಟ್ಟಲನ್ನು (ಐ ಕಪ್) ಪೂರ್ತಿ ಒಳಗೆ ತಿರುಗಿಸಿ, ಅಂಗಡಿಯ ಟ್ಯೂಬ್‌ಲೈಟಿನಡಿ ನೋಡುವುದರ ಬದಲು ಸಂಜೆ ಬಾಗಿಲಾಚೆ ಬಂದು ನೆರಳಿನ ಮೂಲೆಯನ್ನು ನೋಡಿ. ಕುತ್ತಿಗೆ ಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಕೊಳ್ಳಿ. ಏರುವಾಗ ಬೈನಾಕ್ಯುಲರ್ ಓಲಾಡುವುದಿಲ್ಲ. ಇನ್ನೊಂದು ಮಾತು: ದೂರದಲ್ಲಿ ಏನಿದೆ ಎಂದು ತಿಳಿಯಲು ಎಂದಿಗೂ ರೈಫಲ್ ಸ್ಕೋಪ್ ಎತ್ತಬೇಡಿ, ಅಲ್ಲಿರುವುದು ಇನ್ನೊಬ್ಬ ಬೇಟೆಗಾರನಾಗಿರಬಹುದು.

ಡೆನ್ವರ್‌ನಿವಾಸಿ:
ಎಲ್ಲರಿಗೂ ಧನ್ಯವಾದಗಳು. ನಾನು ಹೆಚ್ಚಾಗಿ ಎತ್ತರದಲ್ಲಿ ಕುಳಿತು ನೋಡುವವನಾದ್ದರಿಂದ 10×42 ಎಂದು ನಿರ್ಧರಿಸಿದ್ದೇನೆ. ಅಡಾಪ್ಟರ್ ಎಲ್ಲ ಮಾದರಿಗಳಿಗೂ ಹೊಂದುತ್ತದೆಯೇ?

ಕಣಿವೆಯಂಚು:
ಇಲ್ಲ. ಎರಡು ಕೊಳವೆಗಳ ನಡುವಿನ ಕೀಲಿನ ತುದಿಯ ಮುಚ್ಚಳ ತಿರುಗಿಸಿದಾಗ ಒಳಗೆ ಕಾಲಿಂಚಿನ ತಿರುಪಿನ ತೂತಿದ್ದರೆ ಸಾಮಾನ್ಯ ಅಡಾಪ್ಟರ್ ಕೂರುತ್ತದೆ. ಕೊಳ್ಳುವ ಮುನ್ನವೇ ಮುಚ್ಚಳ ತೆಗೆದು ನೋಡಿ. ಟ್ರೈಪಾಡ್ ನಿಂತ ಎತ್ತರದ್ದು ಬೇಕಿಲ್ಲ, ಕುಳಿತಾಗ ಕಣ್ಣಿಗೆ ಬಂದರೆ ಸಾಕು.