ಗರಗಸ ತಿನ್ನುವ ಜಾಗಕ್ಕೆ ಏನಂತಾರೆ?

ಗೆಳೆಯರೇ,

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಪ್ಲೈವುಡ್ ಕೊಯ್ದು ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಮಾಡಿಕೊಳ್ಳುವವರು ತುಂಬಾ ಜನ ಇದ್ದಾರೆ. ಪಕ್ಕದಿಂದ ನೋಡಿದರೆ ನೀರಹನಿಯ ಆಕಾರ. ಮುಂದೆ ಗುಂಡಗೆ, ಹಿಂದೆ ಇಳಿಜಾರು. ಅದಕ್ಕೇ ಟಿಯರ್‌ಡ್ರಾಪ್ ಅಂತ ಹೆಸರು. 1930ರ ದಶಕದಿಂದಲೂ ಈ ಹವ್ಯಾಸ ಇದೆ. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. ಇಲ್ಲಿರುವ ನಮ್ಮವರಿಗಾಗಿ ಇದನ್ನು ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಎರಡು ಗೋಡೆಗಳ ಭಾಗಕ್ಕೆ ಬಂದಾಗ ಕೆಲವು ಪದಗಳಲ್ಲಿ ನಿಮ್ಮ ನೆರವು ಬೇಕಾಗಿದೆ.

ಕೆಲಸ ಹೀಗೆ. ಪ್ಲೈವುಡ್ ಶೀಟ್ 4 ಅಡಿ ಅಗಲ, 8 ಅಡಿ ಉದ್ದ. ಒಂದು ಗೋಡೆಗೆ ಒಂದು ಶೀಟ್ ಆಗುವ ಹಾಗೆ ಮಾಡಿದ ನಕ್ಷೆಗಳು ಸಾಕಷ್ಟಿವೆ. ಮೂಲೆಮಟ್ಟ ಹಿಡಿದು ಶೀಟಿನ ಮೇಲೆ 6 ಇಂಚಿನ ಚೌಕಗಳನ್ನು ಎಳೆಯುತ್ತಾರೆ. ರಂಗೋಲಿಗೆ ಇಟ್ಟಂತೆ ನಕ್ಷೆಯಿಂದ ಒಂದೊಂದೇ ಚುಕ್ಕಿ ಇಳಿಸುತ್ತಾರೆ. ಪ್ರತಿ ಚುಕ್ಕಿಗೂ ಒಂದು ಸಣ್ಣ ಮೊಳೆ. ಆಮೇಲೆ ತೆಳುವಾದ, ಬಳುಕುವ ಮರದ ಪಟ್ಟಿಯೊಂದನ್ನು ಆ ಮೊಳೆಗಳಿಗೆ ಒತ್ತಿ ಬಾಗಿಸಿ, ಅದರ ಅಂಚಿಗೆ ಪೆನ್ಸಿಲ್ ಎಳೆಯುತ್ತಾರೆ. ಯಾವುದೋ ಒಂದು ಚುಕ್ಕಿ ತಪ್ಪಿದ್ದರೆ ಪಟ್ಟಿಯೇ ಹೇಳುತ್ತದೆ. ಅಲ್ಲಿ ಮೊಳೆಗೂ ಪಟ್ಟಿಗೂ ನಡುವೆ ಸಂದು ಬಿಡುತ್ತದೆ, ಇಲ್ಲವೇ ಪಟ್ಟಿ ಗೂನಾಗುತ್ತದೆ. ಆಗ ಮೊಳೆಯನ್ನು ಸರಿಸಬೇಕು, ಪಟ್ಟಿಯನ್ನಲ್ಲ.

ಈ ಪಟ್ಟಿಗೆ ನಾನು 'ದಬ್ಬೆ' ಅಂತ ಬರೆದಿದ್ದೇನೆ. ಮಲೆನಾಡಿನಲ್ಲಿ ಅಡಿಕೆ ದಬ್ಬೆ, ಬಿದಿರು ದಬ್ಬೆ ಅನ್ನುತ್ತೇವಲ್ಲ, ಅದೇ. ಉದ್ದ, ತೆಳು, ಬಳುಕು ಮೂರೂ ಆ ಒಂದು ಪದದಲ್ಲಿವೆ. ಬಯಲುಸೀಮೆಯವರಿಗೆ ಇದು ತಿಳಿಯುತ್ತದೆಯೇ? ಕರಾವಳಿಯಲ್ಲಿ ಮರದ ದೋಣಿ ಕಟ್ಟುವ ಆಚಾರಿಗಳು ಇಂಥ ಪಟ್ಟಿಗೆ ಬೇರೆ ಹೆಸರು ಇಟ್ಟಿದ್ದರೆ ದಯವಿಟ್ಟು ತಿಳಿಸಿ.

ಇನ್ನು ಕೊಯ್ಯುವ ವಿಷಯ. ಇದರಲ್ಲಿ ನಮ್ಮ ಭಾಷೆ ಶ್ರೀಮಂತ. ಕೊಡಲಿಯಲ್ಲಿ ಕಡಿಯುತ್ತೇವೆ, ಗರಗಸದಲ್ಲಿ ಕೊಯ್ಯುತ್ತೇವೆ, ಕತ್ತರಿಯಲ್ಲಿ ಕತ್ತರಿಸುತ್ತೇವೆ, ತೂತು ಕೊರೆಯುತ್ತೇವೆ. ಮರದ ನಾರಿನ ಉದ್ದಕ್ಕೆ ಹೋದರೆ 'ಸೀಳು'. ಆದರೆ ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಅದರ ಕೆಳಗಿನದು ಅಡ್ಡಕ್ಕೆ ಇರುತ್ತದೆ. ಯಾವ ಕಡೆ ಕೊಯ್ದರೂ ಒಂದಷ್ಟು ನಾರು ಅಡ್ಡ ಸಿಗುತ್ತದೆ. ಹಾಗಾಗಿ ಇಲ್ಲಿ 'ಸೀಳು' ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ. ಉದ್ದಕ್ಕಿರಲಿ, ಅಡ್ಡಕ್ಕಿರಲಿ, ಬಾಗಿದ ಗೆರೆಯಿರಲಿ, 'ಕೊಯ್ಯು' ಒಂದೇ ಸಾಕು.

ಕೊಯ್ಯುವಾಗ ಮೇಲಿನ ತೆಳು ಪದರ ಕಿತ್ತು ಬರುವುದಕ್ಕೆ 'ಸಿಬಿರು ಏಳುವುದು' ಅಂತ ಬರೆದೆ. ಕೈಗೆ ಚುಚ್ಚುವ ಸಿಬಿರೇ ತಾನೇ. ಕೈಯಲ್ಲಿ ಹಿಡಿದು ಕೊಯ್ಯುವ ಎರಡು ಕರೆಂಟ್ ಗರಗಸಗಳಿವೆ: ದುಂಡು ಬ್ಲೇಡ್ ತಿರುಗುವ ಸರ್ಕ್ಯುಲರ್ ಸಾ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಜಿಗ್ಸಾ. ಎರಡರ ಹಲ್ಲೂ ಕೆಳಗಿನಿಂದ ಮೇಲಕ್ಕೆ ಕಚ್ಚುತ್ತವೆ. ಹಾಗಾಗಿ ಸಿಬಿರು ಏಳುವುದು ಮೇಲ್ಮೈಯಲ್ಲಿ. ಚೆಂದದ ಮುಖವನ್ನು ಕೆಳಗೆ ಮಾಡಿ ಇಟ್ಟು ಕೊಯ್ಯಬೇಕು. ತಳ್ಳಿ ಕೊಯ್ಯುವ ಕೈಗರಗಸಕ್ಕೆ ಇದು ತಿರುಗುಮುರುಗು. ಈ ಪದದ ಬಗ್ಗೆ ನನಗೆ ಅನುಮಾನವಿಲ್ಲ.

ನಿಜವಾಗಿ ತೊಡಕಾಗಿರುವುದು ಗರಗಸ ತಿಂದುಹಾಕುವ ಜಾಗಕ್ಕೆ. ಸಾಮಾನ್ಯ ಸರ್ಕ್ಯುಲರ್ ಸಾ ಬ್ಲೇಡ್ ಸುಮಾರು 1/8 ಇಂಚು ಮರವನ್ನು ಪುಡಿ ಮಾಡಿಬಿಡುತ್ತದೆ. 48 ಇಂಚಿನ ಶೀಟನ್ನು ಸರಿ ಅರ್ಧ ಮಾಡಿದರೆ 24 ಇಂಚಿನ ಎರಡು ತುಂಡು ಸಿಗುವುದಿಲ್ಲ, ಒಂದೊಂದೂ 1/16 ಇಂಚು ಕಡಿಮೆ. ಗೆರೆಯ ಯಾವ ಪಕ್ಕಕ್ಕೆ ಬ್ಲೇಡ್ ಹಾಯಬೇಕು ಅನ್ನುವುದೂ ಇದರ ಮೇಲೆಯೇ ನಿಂತಿದೆ. ಇನ್ನು ಬಾಗಿಲು. ಕೆಲವರು ಗೋಡೆಯಿಂದ ಕೊಯ್ದು ತೆಗೆದ ತುಂಡನ್ನೇ ಬಾಗಿಲು ಮಾಡುತ್ತಾರೆ. ಆಗ ಬ್ಲೇಡ್ ತಿಂದ ಜಾಗವೇ ಬಾಗಿಲ ಸುತ್ತಲಿನ ಸಂದು. ಅದು ತೀರಾ ಸಣ್ಣದಾದರೆ ಬಣ್ಣ ಹೊಡೆದ ಮೇಲೆ ಬಾಗಿಲು ಬಿಗಿಯಾಗುತ್ತದೆ. ಒಂದು ಕಡೆ ಇದು ನಷ್ಟ, ಇನ್ನೊಂದು ಕಡೆ ಬೇಕೇ ಬೇಕಾದ ಜಾಗ. ಎರಡಕ್ಕೂ ಒಪ್ಪುವ ಪದ ಬೇಕು.

'ಕಂಡಿ' ಅಂದರೆ ಸಂದು ಮಾತ್ರ ಆಯಿತು, ನಷ್ಟ ಬರಲಿಲ್ಲ. 'ಸವೆತ' ಅಂದರೆ ನಿಧಾನವಾಗಿ ತೇಯ್ದದ್ದು ಅನ್ನಿಸುತ್ತದೆ. ನನ್ನ ಒಲವು 'ಕೊಯ್ತ'ದ ಕಡೆಗೆ. 'ಕೊಯ್ತ ಬಿಟ್ಟು ಅಳತೆ ಹಾಕಿ', 'ಕೊಯ್ತ ಗೆರೆಯ ಆಚೆ ಬರಲಿ' ಅಂದರೆ ಸಲೀಸಾಗಿ ಬಾಯಿಗೆ ಬರುತ್ತದೆ. ಗದ್ದೆಯ ಕೊಯ್ತ ನೆನಪಾಗುತ್ತದೆ ಅನ್ನುವ ತಕರಾರು ಬರಬಹುದು. ಅದಕ್ಕೆ 'ಕೊಯ್ಲು' ಇದ್ದೇ ಇದೆಯಲ್ಲ.

ಹಾಗಿದ್ದರೂ, ಇದು ಹೊಸ ಕೆಲಸವೇನೂ ಅಲ್ಲ. ಮರದ ಮಿಲ್ಲಿನಲ್ಲಿ ದಿಮ್ಮಿಯಿಂದ ಎಷ್ಟು ಹಲಗೆ ಬರುತ್ತದೆ ಅಂತ ಲೆಕ್ಕ ಹಾಕುವಾಗ ಇದನ್ನು ಕಳೆಯಲೇಬೇಕು. ಮೈಸೂರಿನಲ್ಲಿ ಬೀಟೆ ಮರಕ್ಕೆ ಬಣ್ಣಬಣ್ಣದ ಮರದ ಚೂರು ಕೂರಿಸುವವರು ಸಣ್ಣ ಗರಗಸದಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಕೊಯ್ಯುತ್ತಾರೆ. ಅವರ ಬಾಯಲ್ಲಿ ಇದಕ್ಕೊಂದು ಮಾತು ಇರಲೇಬೇಕು ಅಲ್ವಾ? ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಮರಗೆಲಸದವರಿದ್ದರೆ ಸ್ವಲ್ಪ ಕೇಳಿ ನೋಡಿ. ಪದದ ಜೊತೆಗೆ ಅವರು ಅದನ್ನು ಬಳಸಿ ಆಡಿದ ಒಂದು ವಾಕ್ಯವನ್ನೂ, ಅವರು ಯಾವ ಊರಿನವರು ಅನ್ನುವುದನ್ನೂ ಬರೆದು ಕಳಿಸಿ. ಅಂಥ ಪದ ಸಿಕ್ಕರೆ 'ಕೊಯ್ತ' ತೆಗೆದು ಅದನ್ನೇ ಹಾಕುತ್ತೇನೆ.